ಮೂರಡಿ ಬಚ್ಚಲಿಗೆ ರಾಣಿ ಬಣ್ಣ

ಫ್ಯಾನಿನ ಗಾಳಿಗೆ ಆ ನೀಲಿ ಪರದೆ ಹೊಟ್ಟೆ ಉಬ್ಬಿಸಿಕೊಂಡಿತು, ಮತ್ತೆ ಒಳಕ್ಕೆ ಎಳೆದುಕೊಂಡಿತು — ಬೇಡ, ಇದೂ ಮೈಗೆ ಮೆತ್ತಿಕೊಳ್ಳುವ ಜಾತಿಯದೇ, ಮೂರಡಿ ಅಗಲ ಮೂರಡಿ ಉದ್ದದ ಬಚ್ಚಲಲ್ಲಿ ಶವರ್ ಬಿಟ್ಟರೆ ಸಾಕು, ಹಗುರ ಬಟ್ಟೆ ಎದ್ದು ಒಳಗೆ ಬಂದು ಒದ್ದೆ ಬೆನ್ನಿಗೆ ಅಂಟುತ್ತದೆ, ಬಬಲೇಶ್ವರದ ಸಂತೆಯಿಂದ ತಂದ ಹೂವಿನ ಪ್ಲಾಸ್ಟಿಕ್ ಹಾಳೆ ಅದನ್ನೇ ಮಾಡಿತು, ಊಟದ ಟೇಬಲ್ಲಿಗೆ ಹಾಸುವುದನ್ನು ತಂದು ಬಚ್ಚಲಿಗೆ ಕಟ್ಟಿದರೆ ಇನ್ನೇನಾದೀತು, ಸದ್ಯ, ಅತ್ತೆಗಿಂತ ಮೊದಲು ನಾನೇ ಒಳಗೆ ಹೋಗಿ ಪರೀಕ್ಷೆ ಮಾಡಿದೆ, ಹೊರಗೆ ಬರುವಾಗ ಹಾಳೆಯೂ ನನ್ನ ಜೊತೆ ಬಂತು, ಕೊಂಡಿ ಸಮೇತ. ಅಂಗಡಿಯ ಮುರ್ತುಜಾಸಾಬರು ಇನ್ನೊಂದು ಕಟ್ಟು ಬಿಚ್ಚುತ್ತಿದ್ದಾರೆ, ಇದು ನೋಡ್ರಿ ಆಪಾ, ಹೋಟೆಲ್‌ನವರು ಒಯ್ಯೂದು ಇದನ್ನ, ಒಂದು ಹನಿ ನೀರ ಹೊರಗ ಬರಂಗಿಲ್ಲ. ಬರುವುದಿಲ್ಲ ಸರಿ, ಆದರೆ ಆರಡಿ ಅಗಲ, ಹೋಟೆಲಿನವರ ಬಚ್ಚಲು ನನ್ನ ಅಡುಗೆಮನೆಗಿಂತ ದೊಡ್ಡದು, ನನ್ನದು ಎರಡೂವರೆ ಅಡಿಯ ಬಾಗಿಲಗಂಡಿ, ಪರದೆಯ ನೆರಿಗೆಯೇ ಅರ್ಧ ಜಾಗ ತಿಂದರೆ ಮನುಷ್ಯರು ಎಲ್ಲಿ ಕೂಡಬೇಕು. ಅಗಲ ಭಾಳ ಆತ್ರಿ. ಕತ್ತರಸೂಣಲ್ರಿ. ಕತ್ತರಿಸಿದರೆ ಅಂಚಿನ ಹೂವು ಅರ್ಧಕ್ಕೇ ನಿಲ್ಲುತ್ತದೆ, ಅರ್ಧ ಹೂವಿನ ಪರದೆ ನನಗೆ ಬೇಡ, ಚಂದ ಇರಬೇಕು, ನೋಡಿದ ಕೂಡಲೇ ಅತ್ತೆಗೆ ಒಳಗೆ ಹೋಗೋಣ ಅನ್ನಿಸುವಷ್ಟು ಚಂದ, ಈ ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ಸಿಗದಿದ್ದರೆ ಇನ್ನೊಂದು ಓಣಿ, ಅಲ್ಲಿಲ್ಲದಿದ್ದರೆ ಮತ್ತೊಂದು, ಬರಿಗೈಯಲ್ಲಿ ಟಿಕೋಟಾ ಬಸ್ಸು ಹತ್ತುವವಳಲ್ಲ ನಾನು, ಡಾಕ್ಟರು ಜಳಕ ಮಾಡಿಸಿ ಅಂದು ಹದಿನೇಳು ದಿನ ಆಯಿತು, ಅತ್ತೆ ಇನ್ನೂ ಬಚ್ಚಲ ಹೊಸ್ತಿಲು ದಾಟಿಲ್ಲ, ಒದ್ದೆ ಅರಿವೆಯಲ್ಲಿ ಕೈಕಾಲು ಒರೆಸಿದ್ದಷ್ಟೇ, ಹದಿನೆಂಟನೆಯ ದಿನ ಆಗಗೊಡುವುದಿಲ್ಲ.

ಫೋನು ಗುರುಗುಟ್ಟಿತು, ಜಾವೀದ, ಇನ್ನಾ ಅಂಗಡ್ಯಾಗ ಅದೀಯೇನ, ಒಂದು ಪರದಾ ತರಾಕ ಇಷ್ಟೊತ್ತ ಬೇಕಾತು? ಬೇಕಾತು ಅಂದೆ, ಇಟ್ಟೆ. ನನ್ನ ಗಂಡ ಹೊನವಾಡದ ದ್ರಾಕ್ಷಿ ತೋಟಗಳಲ್ಲಿ ಹನಿ ನೀರಾವರಿಯ ಪೈಪು ಕೂಡಿಸುವವನು, ಅವನ ಪ್ರಕಾರ ಲೋಕದ ಎಲ್ಲ ತೊಂದರೆಗೂ ಮದ್ದು ಒಂದೋ ಪೈಪು, ಇಲ್ಲವೇ ಹಸಿರು ನೆಟ್ಟು, ಬಚ್ಚಲಿಗೂ ಮೊದಲು ಅದನ್ನೇ ತಂದಿದ್ದ, ಮಣೂಕಾ ಮಾಡಲು ದ್ರಾಕ್ಷಿ ಒಣಗಿಸುವ ಶೆಡ್ಡಿಗೆ ಕಟ್ಟುತ್ತಾರಲ್ಲ ಆ ನೆಟ್ಟು, ಅತ್ತೆ ಮಂಚದ ಮೇಲಿಂದಲೇ, ಏನಲೇ, ಅದರಾಗ ಕುಂತು ನಾ ಮಣೂಕಾ ಆಗಬೇಕೇನ? ಎಷ್ಟು ನಕ್ಕಿದ್ದೆವು, ಮನೆಯಲ್ಲಿ ನಮ್ಮದು ದಖನಿ ಮಾತು, ಆದರೆ ಸಿಟ್ಟಿಗೂ ಚೇಷ್ಟೆಗೂ ಅತ್ತೆಗೆ ತವರೂರು ಹೊನವಾಡದ ಕನ್ನಡವೇ ಬೇಕು, ಆಮೇಲೆ ಅವರು ಅಂಥ ಮಾತು ಆಡಿಲ್ಲ, ಯಾವ ಭಾಷೆಯಲ್ಲೂ ಆಡಿಲ್ಲ. ಬಾಗಿಲು ಇದ್ದಿದ್ದರೆ ಪರದೆಯ ಮಾತೇ ಬರುತ್ತಿರಲಿಲ್ಲ, ಇತ್ತು, ಫೈಬರ್ ಬಾಗಿಲು, ಒಳಗಡೆ ತೆರೆಯುತ್ತಿತ್ತು, ಅಲ್ಲೇ ಆಗಿದ್ದು ತಪ್ಪು, ಅತ್ತೆ ಒಳಗೆ ಜಾರಿ ಬಾಗಿಲಿಗೆ ಅಡ್ಡಲಾಗಿ ಬಿದ್ದರು, ದೂಡಿದರೆ ಅವರ ಸೊಂಟಕ್ಕೇ ಒತ್ತುತ್ತದೆ, ದೂಡದಿದ್ದರೆ ಒಳಗೆ ಹೋಗುವಂತಿಲ್ಲ, ಶವರ್ ಮಾತ್ರ ಸುರಿಯುತ್ತಲೇ ಇದೆ, ಅಮ್ಮಾ ಅಮ್ಮಾ ಎಂದು ನಾನು ಹೊರಗೆ, ಒಳಗಿಂದ, ಬಾಗಲಾ ತಗೀಬ್ಯಾಡ ಮುನೀರಾ, ಮೊದಲ ಸೀರಿ ಕೊಡ, ಸೀರಿ ಕೊಡ — ಸೊಂಟದ ಮೂಳೆ ಮುರಿದವರು ನೋವು ಅನ್ನಲಿಲ್ಲ, ಸೀರೆ ಅಂದರು. ಮೇಲಿನ ಕಿಂಡಿಯಿಂದ ಎಸೆದೆ, ಅದು ನೀರು ಕುಡಿದು ಮೂಲೆಯಲ್ಲಿ ಮುದ್ದೆಯಾಗಿ ಬಿತ್ತು, ಅವರಿಗೆ ನಿಲುಕಲಿಲ್ಲ. ಜಾವೀದ ಹಾರೆ ತಂದು ಬಾಗಿಲ ಬಿಜಾಗರಿ ಕಿತ್ತ, ಒಬ್ಬನಿಂದ ಎತ್ತಲಾಗಲಿಲ್ಲ, ಪಕ್ಕದ ಮನೆಯ ಪರಸಪ್ಪ ಓಡಿ ಬಂದ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಕಾಲಿನ ಕಡೆ ಹಿಡಿದ, ಮುಚ್ಚಿಕೊಂಡೇ ಹಿಂದೆ ಹಿಂದೆ ನಡೆದು ಚೌಕಟ್ಟಿಗೆ ತಲೆ ಹೊಡೆಸಿಕೊಂಡ, ರಕ್ತ ಬಂತು, ಆದರೂ ಕಣ್ಣು ತೆರೆಯಲಿಲ್ಲ, ನಾನು ಸಾಯುವ ತನಕ ಅದನ್ನು ಮರೆಯುವುದಿಲ್ಲ, ಅತ್ತೆಗೆ ಮಾತ್ರ ಅದು ಗೊತ್ತಿಲ್ಲ, ಯಾಕೆಂದರೆ ಅವರೂ ನಾಚಿಕೆಯಿಂದ ಕಣ್ಣು ಮುಚ್ಚಿದ್ದರು, ಅವರ ಪಾಲಿಗೆ ಓಣಿಯೆಲ್ಲ ನಿಂತು ನೋಡಿದೆ. ಹೇಳಿದೆ, ನಂಬಲಿಲ್ಲ. ಪರಸಪ್ಪ ದಿನಾ ಹಾಲು ಕೊಡಲು ಬರುತ್ತಿದ್ದವನು ಈಗ ಮಗಳ ಕೈಲಿ ಕಳಿಸುತ್ತಾನೆ, ಅವನಿಗೂ ನಾಚಿಕೆ. ಆಪರೇಶನ್ ಆಯಿತು, ವಾಕರ್ ಹಿಡಿದು ನಡೆಯುತ್ತಾರೆ, ಗಾಯ ಮಾಯ್ದಿದೆ, ಕುರ್ಚಿ ಹಾಕಿ ಜಳಕ ಮಾಡಿಸ್ರಿ, ಒಳಗ ತೆರೆಯೋ ಬಾಗಲಾ ಮಾತ್ರ ಬ್ಯಾಡ ಅಂದರು ಡಾಕ್ಟರು, ಹೊರಗಡೆ ತೆರೆಯುವಂತೆ ಕೂಡಿಸೋಣವೆಂದರೆ ಅಡುಗೆ ಕಟ್ಟೆ ಅಡ್ಡ, ಹಾಗಾಗಿ ಪರದೆ, ಪರದೆ ಅಂದ ಕೂಡಲೇ ಜಾವೀದ ನನ್ನ ಕಡೆ ನೋಡಿದ, ಓಣಿಯ ಹೆಂಗಸರ ಜಂಪರೆಲ್ಲ ಹೊಲಿಯುವವಳು ನೀನು, ಒಂದು ಪರದೆ ದೊಡ್ಡದೇ ಅಂತ. ದೊಡ್ಡದಲ್ಲ ಅಂತಲೇ ನಾನೂ ತಿಳಿದಿದ್ದೆ.

ಬಿಳಿಯದನ್ನು ತಂದ ದಿನ ಎಷ್ಟು ಹಿಗ್ಗಿದ್ದೆ. ಮಗಳು ಮಿನಾಜ ಮೊಬೈಲಿನಲ್ಲಿ ತೋರಿಸಿದ್ದಳು, ಅಮ್ಮೀ, ಸಣ್ಣ ಬಾತ್‌ರೂಮಿಗಿ ಬಿಳೀದ ಹಾಕಬೇಕಂತ, ಖೋಲಿ ದೊಡ್ಡದ ಕಾಣ್ತೈತಂತ, ಈಗ ಎಲ್ಲಾರೂ ಅದನ್ನ ಹಾಕಾಕತ್ತಾರ. ಇದೇ ಅಂಗಡಿಯಿಂದ ಒಯ್ದೆ, ದಪ್ಪ ಬಟ್ಟೆ, ನೆಟ್ಟಗೆ ಇಳಿಯುತ್ತದೆ, ಮೈಗೆ ಅಂಟುವುದಿಲ್ಲ, ಅಳತೆಗೆ ಕತ್ತರಿಸಿ, ಕೆಳಗೆ ಬಿಳಿ ಲೇಸು ಹಚ್ಚಿ, ಜಾವೀದ ಪೈಪಿನ ಕೋಲು ಕೂಡಿಸಿ, ಹಾಕಿ ನೋಡಿದರೆ ಬಚ್ಚಲು ನಿಜಕ್ಕೂ ದೊಡ್ಡದಾಯಿತು, ಓಣಿಯ ಹೆಂಗಸರು ಒಬ್ಬೊಬ್ಬರೇ ಬಂದು ಮುಟ್ಟಿ ನೋಡಿ ಹೋದರು, ಶಹರದ ಮನಿ ಆತಲ್ಲ ಮುನೀರಾ ನಿಂದು. ಅತ್ತೆ ವಾಕರ್ ಹಿಡಿದು ಅಡುಗೆಮನೆಯ ತನಕ ಬಂದರು, ನೋಡಿದರು, ನಿಂತರು, ವಾಕರ್ ತಿರುಗಿಸಿಕೊಂಡು ಮಂಚಕ್ಕೆ ಹೋದರು. ಯಾಕ್ರೀ ಅಮ್ಮಾ? ಏನಿಲ್ಲ. ಕಾಲ ನೋಸ್ತಾವೇನ್ರಿ? ಇಲ್ಲ. ಮತ್ತ? ನಾಳೆ. ಆ ನಾಳೆ ಬರಲೇ ಇಲ್ಲ, ನಾಲ್ಕು ದಿನ ತಡೆದೆ, ಐದನೆಯ ದಿನ ನನ್ನ ಬಾಯಿ ತಡೆಯಲಿಲ್ಲ, ಯಾರ ಸಲುವಾಗಿ ಹೊಲದೀನ್ರಿ ಇದನ್ನ, ನನಗೇನ? ಮೈಯೆಲ್ಲಾ ನಾರಾಕತ್ತೈತಿ ಅಮ್ಮಾ ನಿಮ್ದು, ಬಂದ ಮಂದಿ ಏನಂದಾರು? ಅಂದುಬಿಟ್ಟೆ, ನನ್ನ ನಾಲಿಗೆಗೆ ಬರೆ ಹಾಕಬೇಕು, ಆಗಿನಿಂದ ಬಂದವರನ್ನು ಹೊಸ್ತಿಲಲ್ಲೇ ಮಾತಾಡಿಸಿ ಕಳಿಸುತ್ತಾರೆ, ಮಂಚದ ಹತ್ತಿರ ಯಾರನ್ನೂ ಕರೆಯುವುದಿಲ್ಲ, ಮಿನಾಜಳನ್ನು ಸಹ ಪಕ್ಕದಲ್ಲಿ ಮಲಗಿಸಿಕೊಳ್ಳುವುದಿಲ್ಲ. ಮೊನ್ನೆ ಕೆಳಗಿನ ಓಣಿಯಲ್ಲಿ ಒಬ್ಬ ಮುದುಕಿ ತೀರಿಕೊಂಡರು, ಟಿಕೋಟಾದ ನಮ್ಮವರಲ್ಲಿ ಹೆಂಗಸರು ತೀರಿಕೊಂಡರೆ ಮೊದಲು ಕರೆ ಬರುವುದು ನನ್ನ ಅತ್ತೆ ಹುಸೇನಬೀಗೆ, ಕಡೆಯ ಸ್ನಾನ ಮಾಡಿಸಲು, ಗುಸಲ್ ಕೊಡಲು, ಮೂವತ್ತು ವರ್ಷದಿಂದ ಹಾಗೇ, ಈಗ ಸೊಂಟ ಮುರಿದಿದೆ ಅಂತ ಎಲ್ಲರಿಗೂ ಗೊತ್ತು, ಆದರೂ ಅತ್ತೆಯ ಕೈಯಲ್ಲಿ ಆ ಕೆಲಸ ಕಲಿತ ಹುಡುಗಿಯರು ಬಂದರು, ನೀವು ಬರೇ ಕುಂತು ಹೇಳ್ರಿ ದಾದೀಮಾ, ನಾವು ಮಾಡ್ತೀವಿ. ಅತ್ತೆ ನೆಲ ನೋಡುತ್ತ ದಖನಿಯಲ್ಲೇ ಅಂದರು, ನನ್ನ ಮೈನ ಸ್ವಚ್ಛ ಇಲ್ಲ, ನಾ ಬರಂಗಿಲ್ಲ, ಹೋಗ್ರಿ. ಅದನ್ನು ಕೇಳಿ ನಾನು ಒಲೆ ಮುಂದೆ ನಿಂತು ಕಣ್ಣೀರು ಹಾಕಿದೆ, ಹಾಕುತ್ತಲೇ ಸಿಟ್ಟೂ ಬಂತು, ಎಂಥ ಹಠ ಇದು, ಇಷ್ಟು ಚಂದದ ಪರದೆ ಇಟ್ಟುಕೊಂಡು ಎಂಥ ಹಠ, ಇರಲಿ, ನನಗೂ ಹಠ ಬರುತ್ತದೆ, ಇದು ಸೇರದಿದ್ದರೆ ಇದಕ್ಕಿಂತ ಚಂದದ್ದು ತರುತ್ತೇನೆ.

ಆಪಾ, ಮೊದಲ ಒಯ್ದಿದ್ರಲ್ಲ ಬಿಳೀದ, ಅದರಾಗನ ಹೊಸಾದು ಬಂದೈತಿ ನೋಡ್ರಿ, ಮೈಯೆಲ್ಲಾ ಬುಟ್ಟಾ, ಅಗಲ ತೋರಸ್ತೀನಿ, ಆ ತುದಿ ಹಿಡೀರಿ. ಹಿಡಿದೆ, ಎರಡೂ ಕೈಯಲ್ಲಿ, ಭುಜದ ಎತ್ತರಕ್ಕೆ, ಆ ತುದಿ ಸಾಬರದು, ಈ ತುದಿ ನನ್ನದು, ನಡುವೆ ಬಟ್ಟೆ ಬಿಗಿಯಾಯಿತು, ಗೋಡೆಯ ಮೇಲೆ ಬ್ಯಾಂಕಿನ ಕ್ಯಾಲೆಂಡರು, ಕೆಂಪು ಅಂಕಿ ಕಪ್ಪು ಅಂಕಿ, ಪಕ್ಕದಲ್ಲಿ ಒಂದು ಮೊಳೆ, ಮೊಳೆಗೆ ಬೀಗದ ಕೈ, ಆಪಾ, ಆ ಕಡಿ ಏನ ನೋಡಾಕತ್ತೀರಿ, ಬಟ್ಟಿ ಇಲ್ಲೈತಿ. ಹೌದಲ್ಲ, ಬಟ್ಟೆ ಕೊಳ್ಳಲು ಬಂದವಳು ನಾನೇಕೆ ಗೋಡೆ ನೋಡುತ್ತಿದ್ದೇನೆ, ಕುತ್ತಿಗೆ ತಾನೇ ತಿರುಗಿದೆ, ಬಿಳಿ ಬಟ್ಟೆ ಎತ್ತಿ ಹಿಡಿದ ಕೂಡಲೇ ತಿರುಗಿದೆ — ಮುಖ ಆ ಕಡಿ ಮಾಡ ಬೇ. ಅತ್ತೆಯ ದನಿ. ಮದುವೆಯಾಗಿ ಎಂಟು ತಿಂಗಳಿಗೆ ನನ್ನನ್ನು ಮೊದಲ ಸಲ ಚಾದರ ಹಿಡಿಯಲು ಕರೆದುಕೊಂಡು ಹೋಗಿದ್ದರು, ಸತ್ತವಳನ್ನು ಮಲಗಿಸಿದ ಹಲಗೆಯ ಸುತ್ತ ನಾಲ್ಕು ಹೆಂಗಸರು ಬಿಳಿ ಚಾದರ ಹಿಡಿದು ನಿಲ್ಲಬೇಕು, ಒಳಗೆ ಅತ್ತೆ, ಬೋರೆ ಎಲೆ ಕುದಿಸಿದ ನೀರು, ಕರ್ಪೂರದ ವಾಸನೆ, ಹಿಡಿದವರು ಒಳಗೆ ನೋಡುವಂತಿಲ್ಲ, ನಾನು ಹೊಸಬಳು, ಕುತೂಹಲಕ್ಕೆ ನೋಡಿದೆ, ಮುಖ ಆ ಕಡಿ ಮಾಡ ಬೇ, ಸತ್ತಾಕಿಗೂ ನಾಚಿಕಿ ಇರ್ತೈತಿ. ಒಳಗೆ ಕಂಡದ್ದನ್ನು ಹೊರಗೆ ಆಡುವಂತಿಲ್ಲ, ಅತ್ತೆ ಆಡಿದವರೂ ಅಲ್ಲ, ಯಾರ ಮೈಮೇಲೆ ಯಾವ ಗಾಯ, ಯಾರ ಬೆನ್ನ ಮೇಲೆ ಯಾರು ಹೊಡೆದ ಗುರುತು, ಮೂವತ್ತು ವರ್ಷ, ಒಂದೇ ಒಂದು ಮಾತಿಲ್ಲ — ಯಾ ಅಲ್ಲಾ, ಮುನೀರಾ, ಏನು ಮಾಡಿಟ್ಟೆ ನೀನು. ಮೇಲಿಂದ ನೆಲದ ತನಕ ಬಿಳಿ ಬಟ್ಟೆ, ಒಳಗೆ ಮೂರೂ ಕಡೆ ಬಿಳಿ ಟೈಲ್ಸು, ನಡುವೆ ಕುರ್ಚಿ, ಪಕ್ಕದಲ್ಲಿ ಬಿಸಿನೀರಿನ ಬಕೆಟ್ಟು, ಎಲ್ಲ ಸಜ್ಜು ಮಾಡಿ ಮುದುಕಿಗೆ ಬರ್ರಿ ಅಮ್ಮಾ ಒಳಗ ಅಂದೆ, ಇಷ್ಟು ವರ್ಷ ತೊಳೆಯುವವರಾಗಿ ಆ ಬಟ್ಟೆಯ ಹಿಂದೆ ಹೋದವರನ್ನು ತೊಳೆಸಿಕೊಳ್ಳಲು ಬಾ ಅಂತ ಕರೆದೆ, ಮೇಲೆ ಲೇಸು ಬೇರೆ ಹಚ್ಚಿದೆ. ಅವರು ಹೇಗೆ ಬಾಯಿ ಬಿಟ್ಟು ಹೇಳಿಯಾರು, ಆ ಬಟ್ಟೆಯ ಹಿಂದಿನ ಮಾತು ಅವರ ಬಾಯಿಂದ ಬರುವುದೇ ಇಲ್ಲವಲ್ಲ, ನಾನಾದರೂ ತಿಳಿಯಬೇಕಿತ್ತು, ಚಾದರ ಹಿಡಿದ ಕೈ ನನ್ನದು. ಅಂಗಡಿಯ ಗಾದಿಯ ಮೇಲೇ ಕೂತು ಅಳಬೇಕು ಅನ್ನಿಸಿತು, ಕೂಡಲಿಲ್ಲ, ನಾನು ಅಳುತ್ತ ಕೂತರೆ ಬಣ್ಣ ಆರಿಸುವವರು ಯಾರು.

ಬಿಳಿ ಬ್ಯಾಡ್ರಿ, ಬಿಳಿ ಇದ್ದದ್ದೆಲ್ಲಾ ಒಳಗ ಇಡ್ರಿ. ಹಂಗಾದ್ರ ಹಸರ ನೋಡ್ರಿ. ಹಸಿರು ಗೋರಿಯ ಮೇಲೆ ಹೊದಿಸುವ ಚಾದರದ ಬಣ್ಣ, ಬ್ಯಾಡ. ಕರಿ? ಹೆಣ ಒಯ್ಯುವ ಜನಾಜಾದ ಮೇಲೆ ಹಾಕುತ್ತಾರೆ, ಬ್ಯಾಡ. ಬೂದಿ ಬಣ್ಣ ಈಗ ಭಾಳ ನಡದೈತ್ರಿ. ಬೂದಿ ಅಂತ ಹೆಸರಲ್ಲೇ ಇದೆ, ಬ್ಯಾಡ. ಸಾಬರು ಕನ್ನಡಕ ತೆಗೆದು ನನ್ನನ್ನು ನೋಡಿದರು, ಮತ್ತ ಎಂಥಾದ್ದು ಬೇಕ್ರಿ ನಿಮಗ? ಸಾವಿನ ಮನೆಗೆ ಯಾರೂ ಒಯ್ಯದಂಥದ್ದು, ಬಾಯಿಬಿಟ್ಟು ಹೇಳಲಿಲ್ಲ, ಮದವೀ ಮನೀದ ಇದ್ದಂಗ ಇರಬೇಕ್ರಿ ಅಂದೆ. ಸ್ಟೂಲು ಹತ್ತಿ ಮೇಲಿನ ಅಟ್ಟದಿಂದ ಒಂದು ಧೂಳು ಹಿಡಿದ ಕಟ್ಟು ಇಳಿಸಿದರು, ಬಿಚ್ಚಿದರು, ರಾಣಿ ಬಣ್ಣ, ಕಣ್ಣಿಗೆ ಹೊಡೆಯುವ ರಾಣಿ ಬಣ್ಣ, ಅದರ ಮೇಲೆ ಬಂಗಾರದ ಗಿಳಿಗಳು, ಒಂದೊಂದು ಗಿಳಿಯ ಬಾಯಲ್ಲಿ ಒಂದೊಂದು ಮಾವಿನಕಾಯಿ. ಇದೇ. ಅಲ್ರೀ ಆಪಾ, ಇದು ಹೊಸಾ ಮದಮಕ್ಕಳ ಖೋಲಿಗಿ ಒಯ್ಯೂದು, ನೀರ ತಡ್ಯಂಗಿಲ್ಲ. ತಡೆಯದಿದ್ದರೆ ನಾನು ತಡೆಯುವಂತೆ ಮಾಡುತ್ತೇನೆ, ಒಳಗಡೆಗೆ ಬೇರೆ ಒಂದು ದಪ್ಪ ಪ್ಲಾಸ್ಟಿಕ್ಕು, ಆಚೆ ಈಚೆ ಕಾಣುವಂಥದ್ದು, ಹೊರಗಡೆಗೆ ಗಿಳಿ, ಎರಡಕ್ಕೂ ಬೇರೆ ಬೇರೆ ಕೊಂಡಿ, ನೀರೆಲ್ಲ ಪ್ಲಾಸ್ಟಿಕ್ಕಿಗೆ, ಅಂದವೆಲ್ಲ ಗಿಳಿಗೆ, ಪ್ಲಾಸ್ಟಿಕ್ಕು ಎದ್ದು ಮೈಗೆ ಅಂಟದ ಹಾಗೆ ಕೆಳಗಿನ ಅಂಚು ಮಡಚಿ ಅದರೊಳಗೆ ಭಾರ ಹೊಲಿದುಬಿಡುವುದು, ಜಾವೀದನ ಡಬ್ಬಿಯಲ್ಲಿ ಪೈಪಿಗೆ ಹಾಕುವ ಕಬ್ಬಿಣದ ನಟ್ಟುಗಳು ರಾಶಿ ಬಿದ್ದಿವೆ. ಸಾಬರು ಕತ್ತರಿ ಎತ್ತಿದರು, ಕತ್ತರಿ ಕೊಡ್ರಿ ಇಲ್ಲೆ, ಗಿಳಿಗೆ ಪೆಟ್ಟಾಗಬಾರದು, ರೆಕ್ಕೆ ಮುಗಿದ ಜಾಗ ನೋಡಿ, ಬಾಲ ಬಿಟ್ಟು, ಎರಡು ಬೆರಳು ಜಾಸ್ತಿ ಇಟ್ಟು ನಾನೇ ಕತ್ತರಿಸಿದೆ, ಒಂದು ಗಿಳಿಯೂ ಅರ್ಧ ಆಗಲಿಲ್ಲ.

ಟಿಕೋಟಾ ಬಸ್ಸಲ್ಲಿ ಚೀಲ ತೊಡೆಯ ಮೇಲೆ, ಬಿಸಿಲು, ದ್ರಾಕ್ಷಿ ತೋಟದ ಕಂಬಗಳು ಹಿಂದೆ ಹಿಂದೆ ಓಡುತ್ತಿವೆ, ಹೆದರಿಕೆ ಈಗ ಶುರುವಾಯಿತು, ಇದನ್ನೂ ನೋಡಿ ವಾಕರ್ ತಿರುಗಿಸಿಕೊಂಡರೆ, ವಿಧವೆ ಮುದುಕಿಗೆ ಈ ಬಣ್ಣ ಏನು ಚೇಷ್ಟೆ ಅಂದರೆ, ಅನ್ನಲಿ, ಬೈಯಲಿ, ಬೈದರೆ ಕನ್ನಡದಲ್ಲಿ ಬೈಯುತ್ತಾರಲ್ಲ, ಅದೂ ಬೇಕಾಗಿದೆ ನನಗೆ, ಮನೆ ಮುಟ್ಟಿ ಚಪ್ಪಲಿ ಬಿಟ್ಟವಳು ನೇರ ಮಶೀನಿಗೆ, ಜಾವೀದ ನಟ್ಟಿನ ಡಬ್ಬಿ ತಂದು ಬಗ್ಗಿ ನೋಡಿದ, ಭಾಳ ಝಗಝಗ ಆತಲ್ಲ ಬೇ ಇದು. ಆಗಲಿ. ಒಂದೊಂದು ಗೇಣಿಗೆ ಒಂದೊಂದು ನಟ್ಟು, ಅಂಚಿನೊಳಗೆ ಒಂದು ಹೊಲಿಗೆ ಮೇಲೆ ಇನ್ನೊಂದು ಹೊಲಿಗೆ, ಬಿಳಿಯದನ್ನು ಇಳಿಸಿ ಅಡುಗೆ ಕಟ್ಟೆಯ ಮೇಲೆ ಹಾಕಿದೆ, ಗಿಳಿ ಏರಿದವು, ಮಧ್ಯಾಹ್ನದ ಬಿಸಿಲು ಕಿಂಡಿಯಿಂದ ಬಿದ್ದು ಬಚ್ಚಲ ಟೈಲ್ಸು ಕೂಡ ನಸುಗೆಂಪಾದವು, ಹಿಂದಿನಿಂದ ವಾಕರಿನ ಟಕ್, ಟಕ್. ನಾನು ತಿರುಗಲಿಲ್ಲ, ತಿರುಗಲು ಧೈರ್ಯ ಬರಲಿಲ್ಲ. ಯಾರ ಮದವಿ ಐತಿ ಇಲ್ಲೆ? ಕನ್ನಡ, ಹೊನವಾಡದ ಕನ್ನಡ. ನಿಮ್ಮದ್ರಿ ಅಮ್ಮಾ. ತಿರುಗಿದೆ, ಅತ್ತೆ ನಗಲಿಲ್ಲ, ತುಟಿ ಮಾತ್ರ ಒಂದು ಕಡೆ ಸರಿಯಿತು, ಕಟ್ಟೆಯ ಮೇಲಿನ ಬಿಳಿ ಬಟ್ಟೆ ನೋಡಿದರು, ನನ್ನನ್ನು ನೋಡಿದರು, ನನಗೆ ತಿಳಿದಿದೆ ಅಂತ ಅವರಿಗೆ ತಿಳಿಯಿತು, ಅದನ್ನ ಒಗದು ಮಡಚಿ ಟ್ರಂಕಿನ್ಯಾಗ ಇಡ, ಮುಂದ ಬೇಕಾಗ್ತೈತಿ. ಬಟ್ಟೆ ಎತ್ತಿಕೊಳ್ಳಲು ಚಾಚಿದ ಕೈ ಹಿಂದೆಳೆದುಕೊಂಡೆ. ಈಗಲ್ಲ ಬೇ, ಹುಚ್ಚಿ, ಮುಂದ. ಲೇಸ ಬಿಚ್ಚಿ ಇಡ, ಲೇಸ ಹಚ್ಕೊಂಡ ಯಾರ ಹೋಗ್ತಾರ. ಕುರ್ಚಿಯಲ್ಲಿ ಕೂಡಿಸಿ, ಶವರಿನ ಕೊಳವೆ ನಿಲುಕುವಂತೆ ಇಟ್ಟು, ಹೊರಗೆ ಬಂದು ಪರದೆ ಎಳೆದೆ, ಪ್ಲಾಸ್ಟಿಕ್ಕು, ಆಮೇಲೆ ಗಿಳಿ. ಸದ್ದಿಲ್ಲ. ಒಳಗೆ ಸೀರೆ ಸರಿದ ಸದ್ದು, ಮತ್ತೆ ಏನೂ ಇಲ್ಲ, ಕರೆಯಬೇಕೋ, ಕರೆದರೆ ಸಿಟ್ಟಾದಾರು, ಕರೆಯದಿದ್ದರೆ, ಬಿದ್ದಿದ್ದರೆ, ಇಲ್ಲ, ಬಿದ್ದರೆ ಈ ಸಲ ಬಾಗಿಲಿಲ್ಲ, ನಾನೇ ಇದ್ದೇನೆ, ನೀರು — ನೀರು ಬಿತ್ತು, ನೆಲಕ್ಕೆ ಬಿದ್ದ ನೀರಲ್ಲ, ಮೈಮೇಲಿಂದ ಇಳಿದು ಬರುವ ನೀರಿನ ಸದ್ದೇ ಬೇರೆ, ನಟ್ಟುಗಳು ಅಲುಗಿ ಟೈಲ್ಸಿಗೆ ತಾಗಿದವು, ಪ್ಲಾಸ್ಟಿಕ್ಕು ಎದ್ದೇಳಲಿಲ್ಲ, ಶಾಬಾಸ್, ಸಾಬೂನಿನ ವಾಸನೆ ಬಂತು, ಪರಸಪ್ಪನನ್ನು ನಾಳೆ ಚಹಾಕ್ಕೆ ಕರೆಯಬೇಕು, ಹುಡುಗಿಯರಿಗೂ ಹೇಳಿಕಳಿಸಬೇಕು, ಮಿನಾಜಳ ಹಾಸಿಗೆ ಮತ್ತೆ ಅತ್ತೆಯ ಪಕ್ಕಕ್ಕೆ — ಪರದೆಯ ಅಂಚು ಸರಿದು ಒಂದು ಕೈ ಹೊರಗೆ ಬಂತು. ಮೊಣಕೈ ತನಕ ನೊರೆ. ಬೆನ್ನಿಗಿ ನಿಲುಕವಲ್ದು, ಬಾ, ತಿಕ್ಕ. ಆ ಕೈ ಎಷ್ಟು ಬೆನ್ನು ತೊಳೆದಿದೆಯೋ, ಒಂದು ಬೆನ್ನೂ ಅದನ್ನು ಬಾ ಅಂತ ಕರೆದಿರಲಿಲ್ಲ, ಬಂದೆರಿ ಅಮ್ಮಾ ಅನ್ನಬೇಕು ನಾನು, ತೋಳು ಮೇಲೆ ಮಾಡಿಕೊಳ್ಳಬೇಕು, ಬಟ್ಟೆ ನೆನೆದರೆ ನೆನೆಯಲಿ, ಒಂದು ಹೆಜ್ಜೆ ಇಡಬೇಕು — ಕೈ ಅಲ್ಲೇ ಇದೆ, ರಾಣಿ ಬಣ್ಣದ ಹೊರಗೆ, ನೊರೆ ಮಣಿಕಟ್ಟಿನಿಂದ ಮೊಣಕೈಗೆ ಜಾರುತ್ತಿದೆ, ಬೆರಳು ಮಡಚುತ್ತವೆ, ಬಿಚ್ಚುತ್ತವೆ, ಬಾ — ಕೈ, ಒದ್ದೆ ಕೈ, ಮಡಚುತ್ತದೆ, ಬಿಚ್ಚುತ್ತದೆ, ಕರೆಯುತ್ತದೆ